ದುಡಿಮೆಗೆ ಗಡಿಯಾರ ಬಂದ ಕಥೆ

ಸೊಲ್ಲಾಪುರ ಅಂದಕೂಡಲೇ ನಮ್ಮ ಭಾಗದ ಹಿರಿಯರಿಗೆ ನೆನಪಾಗುವುದು ಎರಡು. ಒಂದು ಸಿದ್ಧರಾಮೇಶ್ವರರ ಕೆರೆ, ಇನ್ನೊಂದು ಗಿರಣಿಯ ಭೋಂಗಾ. ಕೆರೆ ಇವತ್ತಿಗೂ ಇದೆ. ಹಳೇ ಗಿರಣಿಗಳ ಭೋಂಗಾ ಮಾತ್ರ ನಿಂತುಹೋಗಿದೆ. ಕೆರೆಯ ಕಾಲದಿಂದ ಭೋಂಗಾದ ಕಾಲಕ್ಕೆ ಬರುವಾಗ ದುಡಿಮೆಯ ಅಳತೆಯೇ ಬದಲಾಯಿತು. ಅದು ಹೇಗೆ ಬದಲಾಯಿತೆಂದು ತಿಳಿದರೆ, ಇವತ್ತು ಪುಣೆ, ಹೈದರಾಬಾದು, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ನಮ್ಮ ಹುಡುಗ ಹುಡುಗಿಯರ ಪಾಡೂ ಒಂದಿಷ್ಟು ತಿಳಿದೀತು.

12ನೆಯ ಶತಮಾನದಲ್ಲಿ ಈ ಊರಿಗೆ ಸೊನ್ನಲಿಗೆ ಎಂದು ಹೆಸರು. ಸಿದ್ಧರಾಮರು ಇಲ್ಲಿ ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು. ರಾಘವಾಂಕನ ಸಿದ್ಧರಾಮ ಚಾರಿತ್ರದಲ್ಲಿ ಅದರ ಕಥೆಯಿದೆ. ಆಗ ದುಡಿಮೆಯ ಅಳತೆ ತಾಸಲ್ಲ, ಕೆರೆ ತುಂಬಿತೋ ಇಲ್ಲವೋ ಅನ್ನುವುದು. ಇಲ್ಲಿಂದ ಬಹಳ ದೂರವಿಲ್ಲದ ಕಲ್ಯಾಣದಲ್ಲಿ ಶರಣರು ದುಡಿಮೆಗೆ ಕಾಯಕ ಎಂದು ಹೆಸರಿಟ್ಟರು. ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಅವನು ಮಾತಿನಲ್ಲಿ ಮೈಮರೆತು ಕೂತಾಗ, ಕಾಯಕಕ್ಕೆ ಹೊತ್ತಾಯಿತು ಏಳು ಎಂದವಳು ಹೆಂಡತಿ ಲಕ್ಕಮ್ಮ. ಒಂದು ದಿನ ಅವನು ದಿನದ ಪಾಲಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದವಳೂ ಅವಳೇ. ಮೈಗಳ್ಳತನವೂ ಬೇಡ, ಅತಿಯಾಸೆಯೂ ಬೇಡ ಅನ್ನುವ ಲೆಕ್ಕ ಅದು. ದುಡಿಮೆಗೆ "ಸಾಕು" ಅನ್ನುವ ಗಡಿ ಇತ್ತು.

1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ನೂಲಿನ ಗಿರಣಿ ಶುರುವಾಯಿತು. ಮಂದಿ ಇವತ್ತಿಗೂ ಅದನ್ನು ಜುನಿ ಮಿಲ್ ಅಂತಲೇ ಕರೀತಾರೆ. ಹೊಲದಲ್ಲಿ ಹೊತ್ತು ನೋಡಿ, ಮಳೆ ನೋಡಿ ದುಡಿಯುತ್ತಿದ್ದ ಮಂದಿ ಭೋಂಗಾ ಕೇಳಿ ಏಳುವುದನ್ನು ಕಲಿತರು. ಕೆಲಸ ಮುಗಿದರೆ ಮನೆಗೆ ಅನ್ನುವುದು ಹೋಗಿ, ಪಾಳಿ ಮುಗಿದರೆ ಮನೆಗೆ ಅನ್ನುವುದು ಬಂತು. ಆದರೆ ಪಾಳಿ ಎಷ್ಟು ತಾಸು? ಅದನ್ನು ಹೇಳುವ ಕಾನೂನು ಆಗ ಇರಲಿಲ್ಲ. ಮುಂಬಯಿ ಗಿರಣಿಗಳಲ್ಲಿ ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಕೆಲಸ ನಡೆಯುತ್ತಿತ್ತು. 1905ರ ಹೊತ್ತಿಗೆ ಅಲ್ಲಿ ವಿದ್ಯುತ್ ದೀಪ ಬಂದಮೇಲಂತೂ ಸೂರ್ಯನ ಹಂಗೂ ತಪ್ಪಿತು. ದೀಪ ಬಂದದ್ದು ಒಳ್ಳೆಯದೇ, ಆದರೆ ಅದರ ಬೆಳಕಿನಲ್ಲಿ ಬೆಳೆದದ್ದು ಕೂಲಿಯವನ ದಿನ.

ಇದಕ್ಕೆ ಕಡಿವಾಣ ಹಾಕಿದ್ದು ಯಾರೋ ಪುಣ್ಯಾತ್ಮರ ದಯೆಯಲ್ಲ. ಜ್ಯೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಕೂಡಿಸಿ ಬೇಡಿಕೆ ಬರೆದರು: ರವಿವಾರ ಸೂಟಿ ಬೇಕು, ಮಧ್ಯಾಹ್ನ ಅರ್ಧ ತಾಸು ಬಿಡುವು ಬೇಕು, ಪಗಾರ ತಿಂಗಳ 15ರೊಳಗೆ ಕೈಗೆ ಬರಬೇಕು. ಆರು ವರ್ಷ ಬೆನ್ನುಹತ್ತಿದ ಮೇಲೆ, 1890ರ ಜೂನ್ 10ರಂದು ಗಿರಣಿ ಮಾಲಕರು ರವಿವಾರದ ಸೂಟಿಗೆ ಒಪ್ಪಿದರು. ಕಾನೂನು ನಿಧಾನಕ್ಕೆ ಹಿಂದೆ ಬಂತು. 1911ರಲ್ಲಿ ಬಟ್ಟೆ ಗಿರಣಿಗಳ ಗಂಡಾಳಿಗೆ ದಿನಕ್ಕೆ 12 ತಾಸಿನ ಮಿತಿ, 1922ರಲ್ಲಿ 11, 1934ರ ಕಾಯ್ದೆಯಲ್ಲಿ 10, 1946ರಲ್ಲಿ 9 ತಾಸು, ವಾರಕ್ಕೆ 48. ಹನ್ನೆರಡರಿಂದ ಒಂಬತ್ತಕ್ಕೆ ಇಳಿಯಲು 35 ವರ್ಷ ಹಿಡಿಯಿತು.

ಅದೇ ಕಾಲಕ್ಕೆ ಅಮೆರಿಕದಲ್ಲಿ ಇನ್ನೊಂದು ವಿದ್ಯೆ ಹುಟ್ಟಿತ್ತು. ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕಾರ್ಮಿಕನ ಒಂದೊಂದು ಚಲನೆಯನ್ನೂ ಅಳೆಯುವ ಪದ್ಧತಿ ತಂದ. ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ 12.5 ಟನ್ ಕಬ್ಬಿಣ ಹೊರುತ್ತಿದ್ದ ಆಳು ತನ್ನ ಪದ್ಧತಿಯಿಂದ 47.5 ಟನ್ ಹೊತ್ತ ಎಂದು 1911ರ ತನ್ನ ಪುಸ್ತಕದಲ್ಲಿ ಬರೆದ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತಂತೆ. ಅಂದರೆ ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ. ಅದೇ ವರ್ಷ ವಾಟರ್‌ಟೌನ್ ಎಂಬಲ್ಲಿಯ ಸರ್ಕಾರಿ ಶಸ್ತ್ರಾಗಾರದಲ್ಲಿ ಎರಕದ ಕೆಲಸಗಾರರು ಸ್ಟಾಪ್‌ವಾಚ್ ಬೇಡ ಎಂದು ಕೆಲಸ ಬಿಟ್ಟು ಹೊರಬಂದರು. ಮುಂದೆ ಅಲ್ಲಿಯ ಸಂಸತ್ತು ಇಂಥ ಸರ್ಕಾರಿ ಕಾರ್ಖಾನೆಗಳಲ್ಲಿ ಅದರ ಬಳಕೆಯನ್ನೇ ತಡೆಯಿತು.

ಆ ಗಾಳಿ ನಮ್ಮ ಕಡೆಗೂ ಬೀಸಿತು. ಮುಂಬಯಿಯ ಕೆಲವು ಗಿರಣಿಗಳಲ್ಲಿ ಎರಡು ಮಗ್ಗ ನೋಡುತ್ತಿದ್ದ ನೇಕಾರ ಮೂರು ನೋಡಬೇಕು ಎಂದರು. ಮೂರನೆಯ ಮಗ್ಗ ನೋಡುತ್ತಿದ್ದವನ ಗತಿ ಏನು? ಈ ಪ್ರಶ್ನೆಯೂ ಸೇರಿ 1928ರಲ್ಲಿ ಸಂಪು ಎದ್ದಿತು, ಸುಮಾರು ಆರು ತಿಂಗಳು ಗಿರಣಿಗಳು ನಿಂತವು. ಆ ಮಂದಿ ಹೊಸ ಯಂತ್ರಕ್ಕೆ ಹೆದರಿದ ಹಳ್ಳಿಗುಗ್ಗುಗಳಲ್ಲ. ಹೆಚ್ಚಿಗೆ ಬಂದ ಲಾಭ ಯಾರ ಚೀಲಕ್ಕೆ ಹೋಗತದ ಅಂತ ಅವರು ಕೇಳಿದರು, ಅಷ್ಟೇ.

ಈಗ ಗಡಿಯಾರ ಗಿರಣಿಯ ಗೋಡೆಯಿಂದ ಇಳಿದು ನಮ್ಮ ಕಿಸೆಗೆ ಬಂದಿದೆ. 1980ರ ದಶಕದ ಕೊನೆಗೆ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ, ಓದಿನಲ್ಲಿ ಮನಸ್ಸು ನಿಲ್ಲದಾಗ, ಅಡುಗೆಮನೆಯ ಟೊಮೆಟೊ ಆಕಾರದ ಗಡಿಯಾರ ಇಟ್ಟುಕೊಂಡು ಓದಿದ. 25 ನಿಮಿಷ ಕೆಲಸ, ಆಮೇಲೆ ಸಣ್ಣ ಬಿಡುವು. ಇದಕ್ಕೆ ಪೊಮೊಡೊರೊ ಪದ್ಧತಿ ಅಂತಾರೆ. ಸಾಫ್ಟ್‌ವೇರ್ ಮಾಡುವ ನಮ್ಮ ಹುಡುಗರಲ್ಲಿ ಬಹಳ ಮಂದಿಗೆ ಇದು ಗೊತ್ತು. ಒಳ್ಳೆಯ ಉಪಾಯವೇ. ಪರೀಕ್ಷೆಗೆ ಓದುವ ಮಕ್ಕಳೂ ಮಾಡಿ ನೋಡಬಹುದು.

ಟೇಲರನ ಗಡಿಯಾರಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅದನ್ನು ಮೇಲಿನವನು ಹಿಡಿದಿದ್ದ, ಇದನ್ನು ನಾವೇ ಹಿಡಿದಿದ್ದೇವೆ. ಇದರಲ್ಲಿ ಸ್ವಾತಂತ್ರ್ಯವೂ ಇದೆ, ಒಂದು ಮೋಸವೂ ಇದೆ. ಗೋಡೆಯ ಗಡಿಯಾರದ ವಿರುದ್ಧ ನೂರು ಮಂದಿ ಒಟ್ಟಿಗೆ ಗೇಟಿನಲ್ಲಿ ನಿಲ್ಲಬಹುದಿತ್ತು. ಕಿಸೆಯ ಗಡಿಯಾರದ ವಿರುದ್ಧ ಯಾರ ಜೊತೆ ನಿಲ್ಲೋದು? ಹತ್ತು ತಾಸಿನಲ್ಲೂ ಮುಗಿಯದ ಕೆಲಸ ಮೈಮೇಲೆ ಬಿದ್ದಾಗ, ಕೆಲಸ ಹೆಚ್ಚಾಯಿತು ಅಂತ ಹುಡುಗ ಅನ್ನೋದಿಲ್ಲ. ನನಗ ಶಿಸ್ತು ಇಲ್ಲ, ನಾನು ಸುಧಾರಿಸಬೇಕು ಅಂತಾನೆ. ಬೆಳಿಗ್ಗೆ ಐದಕ್ಕೆ ಏಳುವುದು ಹೇಗೆ ಅನ್ನುವ ಪುಸ್ತಕ ಕೊಳ್ಳುತ್ತಾನೆ. ತನ್ನನ್ನು ತಾನು ತಿದ್ದಿಕೊಳ್ಳುವುದು ದೊಡ್ಡ ಗುಣ, ಸಂಶಯವಿಲ್ಲ. ಆದರೆ ಸಂಸ್ಥೆಯ ಲೆಕ್ಕ ತಪ್ಪಿದ್ದಕ್ಕೆ ತನ್ನ ಸ್ವಭಾವವೇ ಕಾರಣ ಅಂದುಕೊಳ್ಳುವುದು ಗುಣವಲ್ಲ.

ನಮ್ಮ ಹುಡುಗರು ಎರಡು ಮಾತು ನೆನಪಿಡಲಿ. ಉಳಿಸಿದ ತಾಸು ಮನೆಗೆ, ಓದಿಗೆ, ನಿದ್ದೆಗೆ ಬಂತೋ, ಇಲ್ಲಾ ಇನ್ನೊಂದು ಕೆಲಸ ಅದನ್ನು ನುಂಗಿತೋ ಅಂತ ತಿಂಗಳಿಗೊಮ್ಮೆ ಲೆಕ್ಕ ಹಾಕಲಿ. ನುಂಗಿದರೆ ಅದು ಮೂರನೆಯ ಮಗ್ಗ ಇದ್ದಂಗ. ಮತ್ತೆ ಆ ಲೆಕ್ಕವನ್ನು ಒಬ್ಬರೇ ಮನಸ್ಸಿನಲ್ಲಿಟ್ಟುಕೊಂಡು ಕೊರಗದೆ ಪಕ್ಕದ ಕುರ್ಚಿಯವರಿಗೂ ಹೇಳಲಿ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲೂ ವಾರಕ್ಕೆ 48 ತಾಸು ಎಂದೇ ಬರೆದಿದೆ, ಅದು ಗಿರಣಿಯವರು ಬಿಟ್ಟುಹೋದ ಅಂಕಿ. ರವಿವಾರದ ಸೂಟಿಯೂ ಹಂಗ, ಆರು ವರ್ಷ ಬೇಡಿ, ಜಗಳಾಡಿ ತಂದದ್ದು. ಅದನ್ನ ಫೋನಿನ ಒಂದು ಗಂಟೆಗೆ ಪುಕ್ಕಟೆ ಬಿಟ್ಟುಕೊಡಬ್ಯಾಡ್ರಿ.