ಪಂಚಕಲ್ಯಾಣಿಗೆ ಒಂದು ಕಾಲು ಕಡಮೆ

ನಮ್ಮ ಹಿಂದಿನವರು ಮೈಮೇಲಿನ ಗುರುತುಗಳನ್ನು ನೋಡಿ ಕುದುರೆಯ ಗುಣವನ್ನು ಹೇಳುತ್ತಿದ್ದರು. ನಾಲ್ಕು ಕಾಲುಗಳೂ ಮುಖವೂ ಬೆಳ್ಳಗಿದ್ದರೆ ಅದು ಪಂಚಕಲ್ಯಾಣಿ. ಅಂಥದು ಲಾಯಕ್ಕೆ ಬಂದರೆ ಶುಭವೆಂದು ನಂಬಿಕೆ. ನಾನು ಈಗ ಹೇಳಹೊರಟಿರುವ ಹೆಣ್ಣು ಕುದುರೆಯ ಮೈ ಕೆಂಗಂದು. ಮುಖದ ಮೇಲೆ ಬಿಳಿಯ ಪಟ್ಟೆ. ಮೂರು ಕಾಲುಗಳು ಬಿಳಿ. ನಾಲ್ಕನೆಯದು ಮಾತ್ರ ಮೈಬಣ್ಣದ್ದೇ. ಶಾಸ್ತ್ರದ ಲೆಕ್ಕಕ್ಕೆ ಒಂದು ಕಾಲು ಕಡಮೆಯೇ ಸರಿ. ಎತ್ತರವೂ ಅಷ್ಟಕ್ಕಷ್ಟೆ, ಹೆಗಲಿನವರೆಗೆ ಅಳೆದರೆ ಐದು ಅಡಿ ಮುಟ್ಟದ ತಟ್ಟು. ಆದರೆ ಒಂದು ಸೈನ್ಯವೇ ಈ ತಟ್ಟುವನ್ನು ಮಗಳಂತೆ ಕಂಡಿತು.

ಕೊರಿಯಾದ ಯುದ್ಧ ಮೊದಲಾದದ್ದು 1950ರ ಜೂನ್ 25ರಂದು. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ಗುಡ್ಡಗಳ ಯುದ್ಧವಾಗಿತ್ತು. ಈ ಗುಡ್ಡ ಅವರದು, ಆ ಗುಡ್ಡ ಇವರದು, ನಡುವೆ ಗದ್ದೆ. ಅಮೆರಿಕದ ಮೆರೀನ್ ಪಡೆಯ ಐದನೆಯ ರೆಜಿಮೆಂಟಿನಲ್ಲಿ ಒಂದು ಫಿರಂಗಿ ತುಕಡಿಯಿತ್ತು. ಅವರ ಫಿರಂಗಿ ಸಿಡಿದಾಗ ಹಿಂದಕ್ಕೆ ಒದೆಯುತ್ತಿರಲಿಲ್ಲ. ಒದೆತದ ಬಲವೆಲ್ಲ ಬೆಂಕಿಯ ಗಾಳಿಯಾಗಿ ಹಿಂಬದಿಯಿಂದ ಹೊರಟುಹೋಗುತ್ತಿತ್ತು. ಆ ಬೆಂಕಿಯೇ ಶತ್ರುವಿಗೆ ಗುರುತಾಗುತ್ತಿದ್ದುದರಿಂದ ಅದನ್ನು ಹಾರಿಸುವವರು ಒಂದು ಕಡೆ ನಿಲ್ಲುವಂತಿರಲಿಲ್ಲ. ಒಂದೊಂದು ಗುಂಡಿನ ತೂಕ 24 ಪೌಂಡು, ಅಂದರೆ ಸುಮಾರು 11 ಕಿಲೋ. ಅವನ್ನು ಗುಡ್ಡದ ಮೇಲಕ್ಕೆ ಹೊರುವವರು ಯಾರು? ತುಕಡಿಯ ನಾಯಕ ಲೆಫ್ಟಿನೆಂಟ್ ಎರಿಕ್ ಪೆಡರ್ಸನ್ ಒಂದು ಕುದುರೆ ಬೇಕೆಂದು ಮೇಲಿನವರಿಂದ ಅಪ್ಪಣೆ ಪಡೆದು, 1952ರ ಅಕ್ಟೋಬರ್ 26ರಂದು ಸೋಲಿನ ಜೂಜುಕುದುರೆಗಳ ಮೈದಾನಕ್ಕೆ ಹೋದನು.

ಅಲ್ಲಿ ಲಾಯದ ಹುಡುಗನೊಬ್ಬ ಈ ಕುದುರೆಯನ್ನು ಸಾಕಿಕೊಂಡಿದ್ದ. ಅವನು ಇಟ್ಟಿದ್ದ ಹೆಸರಿಗೆ ‘ಬೆಳಗಿನ ಸೂರ್ಯ’ ಎಂದು ಅರ್ಥ. ಮಾರುವ ಮನಸ್ಸು ಅವನಿಗೆಲ್ಲಿ ಬಂದೀತು? ಆದರೆ ಅವನ ಅಕ್ಕ ನೆಲಬಾಂಬು ತುಳಿದು ಕಾಲು ಕಳೆದುಕೊಂಡಿದ್ದಳು. ಪೆಡರ್ಸನ್ ತನ್ನ ಸ್ವಂತದ 250 ಡಾಲರು ಕೊಟ್ಟನು. ಆ ಹಣ ಅಕ್ಕನ ಕೃತಕ ಕಾಲಿಗಾಯಿತು. ಕುದುರೆ ಹೊರಟಾಗ ಹುಡುಗ ಅತ್ತನಂತೆ. ಮುಂದಿನ ಕೀರ್ತಿಯೆಲ್ಲ ಬೇರೆಯವರ ಪಾಲಾಯಿತು. ಈ ಹುಡುಗನನ್ನು ನೆನೆಯದೆ ಕಥೆ ಮುಂದುವರಿಸಲು ನನಗೆ ಮನಸ್ಸಾಗುವುದಿಲ್ಲ.

ಸೈನಿಕರು ಆಕೆಗೆ ರೆಕ್‌ಲೆಸ್ ಎಂದು ಹೆಸರಿಟ್ಟರು. ಫಿರಂಗಿಯ ಹೆಸರನ್ನೇ ತಮಾಷೆಗೆ ತಿರುಚಿದ್ದು. ಹಿಂದುಮುಂದು ನೋಡದವಳು ಎಂದು ಅರ್ಥ. ಜೋಸೆಫ್ ಲೇಥಮ್ ಎಂಬ ಸಾರ್ಜೆಂಟನು ಆಕೆಯ ಗುರು. ಮುಳ್ಳುತಂತಿಯನ್ನು ಕಂಡರೆ ಬಳಸಿ ಹೋಗುವುದು, ಶತ್ರುವಿನ ಗುಂಡು ಬೀಳುವಾಗ ನೆಲಕ್ಕೆ ಒರಗುವುದು, ಹೊಂಡ ಸೇರುವುದು, ಎಲ್ಲವನ್ನೂ ಕಲಿಸಿದ. ಮೊದಲ ಸಲ ಫಿರಂಗಿ ಹಾರಿದಾಗ ಬೆನ್ನ ಮೇಲೆ ಆರು ಗುಂಡುಗಳಿದ್ದರೂ ಆಕೆ ನಾಲ್ಕು ಕಾಲನ್ನೂ ಎತ್ತಿ ನೆಗೆದಳು. ಮೂರು ನಾಲ್ಕು ಸಲ ಕೇಳಿದ ಮೇಲೆ ಅಭ್ಯಾಸವಾಯಿತು. ಚಳಿಯಾದರೆ ಸೈನಿಕರ ಡೇರೆಯೊಳಗೇ ಮಲಗುವಳು. ಊಟದ ವಿಷಯವನ್ನಂತೂ ಕೇಳಬೇಡಿ: ರೊಟ್ಟಿ, ಮೊಟ್ಟೆ, ಚಾಕೊಲೇಟು, ಕೋಕಾಕೋಲಾ, ಕಡೆಗೆ ಇಸ್ಪೀಟಿನ ಬಿಲ್ಲೆಗಳನ್ನೂ ಬಿಡಲಿಲ್ಲ.

1953ರ ಮಾರ್ಚ್ ತಿಂಗಳ ಕೊನೆಯಲ್ಲಿ ವೇಗಸ್ ಎಂಬ ಗುಡ್ಡದ ಠಾಣೆಗಾಗಿ ಘೋರ ಕಾಳಗವಾಯಿತು. ಒಂದೇ ದಿನದಲ್ಲಿ ಆಕೆ ಮದ್ದುಗುಂಡಿನ ಉಗ್ರಾಣದಿಂದ ಫಿರಂಗಿಗಳವರೆಗೆ 51 ಸಲ ಹತ್ತಿಳಿದಳು. 386 ಗುಂಡುಗಳು, ಒಟ್ಟು ತೂಕ ನಾಲ್ಕು ಸಾವಿರ ಕಿಲೋಗೂ ಮಿಕ್ಕಿತ್ತು. ನಡೆದ ದಾರಿ 35 ಮೈಲಿಗೂ ಹೆಚ್ಚು. ಬಹುಪಾಲು ಸಲ ಹಗ್ಗ ಹಿಡಿಯುವವರಿಲ್ಲದೆ ಒಬ್ಬಳೇ. ಇಳಿಯುವಾಗ ಗಾಯಗೊಂಡವರನ್ನು ಹೊತ್ತು ತಂದಳು. ಎರಡು ಸಲ ಪೆಟ್ಟಾಯಿತು, ಒಮ್ಮೆ ಕಣ್ಣಿನ ಮೇಲೆ, ಒಮ್ಮೆ ಪಕ್ಕೆಯಲ್ಲಿ. ಸೈನಿಕರು ತಮ್ಮ ಕವಚಗಳನ್ನು ಕಳಚಿ ಆಕೆಯ ಮೇಲೆ ಹೊದಿಸಿದರು ಎಂದಮೇಲೆ ಇನ್ನೇನು ಹೇಳಲಿ? ಮಾರನೆಯ ವರ್ಷ ಏಪ್ರಿಲ್ 10ರಂದು ಆಕೆಗೆ ವಿಧಿಪೂರ್ವಕವಾಗಿ ಸಾರ್ಜೆಂಟ್ ಪದವಿ ಕೊಟ್ಟರು.

1953ರ ಜುಲೈ 27ರಂದು ಕದನ ನಿಂತಿತು. ಸೆರೆಯಾಳುಗಳ ತೊಡಕನ್ನು ಬಿಡಿಸಲು ಏರ್ಪಟ್ಟ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರಾಗಿದ್ದುದನ್ನು ಮನೆಯ ಹಿರಿಯರಿಂದ ಕೇಳಿರುತ್ತೀರಿ. ಮನುಷ್ಯರನ್ನು ಅವರವರ ಮನೆಗೆ ಮುಟ್ಟಿಸುವುದೇ ಅಷ್ಟು ಕಷ್ಟವಾಗಿದ್ದಾಗ ಕುದುರೆಯ ಗತಿಯೇನು? ಆಂಡ್ರೂ ಗೀರ್ ಎಂಬ ಅಧಿಕಾರಿ ಪತ್ರಿಕೆಯೊಂದರಲ್ಲಿ ಆಕೆಯ ಕಥೆ ಬರೆದ, ಜನ ಮರುಗಿದರು, ಒಂದು ಹಡಗಿನ ಕಂಪನಿ ಬಾಡಿಗೆಯಿಲ್ಲದೆ ಕರೆತಂದಿತು. 1954ರ ನವೆಂಬರ್ 10ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದವಳು, ಅಂದಿನ ಔತಣದಲ್ಲಿ ಕೇಕನ್ನೂ ಮೇಜಿನ ಹೂಗಳನ್ನೂ ತಿಂದಳು.

ಈ ಕಥೆಯನ್ನು ಒಂಬತ್ತನೆಯ ತರಗತಿಯಲ್ಲಿ ಹೇಳುತ್ತಿದ್ದಾಗ ಹುಡುಗಿಯೊಬ್ಬಳು ಎದ್ದುನಿಂತು, “ಅವಳಿಗೆ ಮರಿಗಳಾದವೇ ಸಾರ್?” ಎಂದಳು. ಯುದ್ಧದಲ್ಲೇ ಮುಳುಗಿದ್ದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಆದವು. ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್ಟನ್ ಎಂಬ ಸೇನಾನೆಲೆಯಲ್ಲಿ ಆಕೆಗೆ ಹುಲ್ಲುಗಾವಲು ಸಿಕ್ಕಿತು. ತನ್ನ ಹೊದಿಕೆಯ ಹೊರತು ಬೇರೆ ಭಾರವನ್ನು ಆಕೆಯ ಬೆನ್ನಿಗೆ ಹೇರಬಾರದೆಂದು ಅಪ್ಪಣೆಯಾಯಿತು. ಇಂಥವಳ ಸಂತಾನ ಉಳಿಯಬೇಕೆಂಬ ಆಸೆ ಯಾರಿಗೆ ಇರದು? ಕುದುರೆಯ ಗರ್ಭ ಹನ್ನೊಂದು ತಿಂಗಳದು. 1957ರಲ್ಲಿ ಮೊದಲ ಗಂಡುಮರಿ ಹುಟ್ಟಿತು: ಫಿಯರ್‌ಲೆಸ್, ಅಂದರೆ ನಿರ್ಭೀತ. 1959ರಲ್ಲಿ ಎರಡನೆಯದು: ಡಾಂಟ್‌ಲೆಸ್, ಅಳುಕಿಲ್ಲದವನು. ನಮ್ಮ ‘ನಿರ್’ ಮುಂದೆ ಬರುತ್ತದೆ, ಅವರ ‘ಲೆಸ್’ ಹಿಂದೆ. ತಾಯಿಯ ಹೆಸರಿನ ಬಾಲವೇ ಮಕ್ಕಳಿಗೆ ಮನೆತನದ ಹೆಸರಾದದ್ದು ವ್ಯಾಕರಣ ಹೇಳಿಕೊಡುವ ನನಗೆ ಬಹಳ ಹಿಡಿಸಿತು. 1964ರ ಮೂರನೆಯ ಗಂಡುಮರಿಗೆ ಮಾತ್ರ ಪ್ರಸಿದ್ಧ ಸೇನಾನಿ ಪುಲ್ಲರ್‌ನ ಅಡ್ಡಹೆಸರಾದ ಚೆಸ್ಟಿ ಎಂಬುದನ್ನಿಟ್ಟರು.

ಅರಬರಲ್ಲಿ ಕುದುರೆಯ ವಂಶವನ್ನು ತಾಯಿಯಿಂದ ಎಣಿಸುವುದು ಹಳೆಯ ರೂಢಿ. ಹಾಗೆ ನೋಡಿದರೆ ಬೇಕಾಗಿದ್ದದ್ದು ಒಂದು ಹೆಣ್ಣುಮರಿ. ಅದೂ ಕಡೆಗೆ ಹುಟ್ಟಿತು, ಒಂದು ತಿಂಗಳು ಬದುಕಿತು. ಅಲ್ಲಿಗೆ ತಾಯಿಯ ಎಳೆ ಕಡಿಯಿತು. ಇದನ್ನು ಹೇಳಿದಾಗ ಆ ಹುಡುಗಿ ಸುಮ್ಮನೆ ಕುಳಿತುಬಿಟ್ಟಳು. ನನಗೆ ತೋರುವುದು ಇಷ್ಟು: ತಾಯಿಯ ಬಣ್ಣವೂ ಗಾತ್ರವೂ ಮರಿಗೆ ಬಂದಾವು, ಲೇಥಮ್ ಪಕ್ಕದಲ್ಲಿ ನಿಂತು ಕಲಿಸಿದ್ದು ಬರಲಾರದು. ಆ ಗಂಡುಮರಿಗಳು ಕಾಳಗವನ್ನು ನೋಡದೆ ಬೆಳೆದವು. ಅದು ಅವುಗಳ ಪುಣ್ಯವೆಂದೇ ಎಣಿಸುತ್ತೇನೆ.

1960ರಲ್ಲಿ ರೆಕ್‌ಲೆಸ್ ಸೇನಾ ಮರ್ಯಾದೆಗಳೊಡನೆ ನಿವೃತ್ತಳಾದಳು. 1968ರಲ್ಲಿ ಬೇಲಿಯ ಮುಳ್ಳುತಂತಿಗೆ ಸಿಕ್ಕಿ ಗಾಯಗೊಂಡಳು. ಕೊರಿಯಾದಲ್ಲಿ ಯಾವುದನ್ನು ಬಳಸಿ ನಡೆಯಲು ಕಲಿತಿದ್ದಳೋ ಅದೇ ಮುಳ್ಳುತಂತಿ! ಚಿಕಿತ್ಸೆ ಮಾಡುತ್ತಿದ್ದಾಗಲೇ, ಮೇ 13ರಂದು, ಪ್ರಾಣ ಹೋಯಿತು.

ನಮ್ಮ ಮಂಡ್ಯದ ಸೀಮೆಯ ಆತಕೂರಿನಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಮಣಲೇರನು ಹತ್ತನೆಯ ಶತಮಾನದಲ್ಲಿಯೇ ಕಲ್ಲು ನಿಲ್ಲಿಸಿದ್ದಾನೆ. ರೆಕ್‌ಲೆಸ್‌ಳಿಗೂ ಅಂಥದೊಂದು ದೊರೆಯಿತು. 2013ರ ಜುಲೈ 26ರಂದು ವರ್ಜೀನಿಯಾದ ಮೆರೀನ್ ವಸ್ತುಸಂಗ್ರಹಾಲಯದ ಬಳಿ ಆಕೆಯ ಕಂಚಿನ ವಿಗ್ರಹವನ್ನು ನಿಲ್ಲಿಸಿದರು. ಬೆನ್ನ ಮೇಲೆ ಗುಂಡುಗಳು. ಗುಡ್ಡ ಹತ್ತುವ ಭಂಗಿ. ಅದರ ಪೀಠದಲ್ಲಿ ಆಕೆಯ ಬಾಲದ ಒಂದು ಹಿಡಿ ಕೂದಲನ್ನು ಇಟ್ಟಿದ್ದಾರೆ.