ಸಿಡಿಯದ ಬಾಂಬ್ ಬಿಚ್ಚುವ ಪಾಠ: ಮೊದಲ ಮೇಷ್ಟರು ಯಾರು?

ಪುಣೆಯಲ್ಲಿರುವವರು ದಾಪೋಡಿ ಕಡೆ ಹೋಗುವಾಗ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನ ಉದ್ದನೆಯ ಕಾಂಪೌಂಡ್ ಗೋಡೆ ನೋಡಿಯೇ ಇರುತ್ತೀರಿ. ನಾವೆಲ್ಲ ಸಿ.ಎಂ.ಇ. ಅನ್ನುತ್ತೇವಲ್ಲ, ಅದೇ. 1943ರಲ್ಲಿ ರೂರ್ಕಿಯಲ್ಲಿ ಶುರುವಾದ ಈ ಶಾಲೆ 1948ರಲ್ಲಿ ಇಲ್ಲಿಗೆ ಬಂತು. ಸಿಡಿಯದೆ ಬಿದ್ದಿರುವ ಬಾಂಬು, ಶೆಲ್ಲು, ಮೈನುಗಳನ್ನು ನಿಷ್ಕ್ರಿಯಗೊಳಿಸುವುದನ್ನು ನಮ್ಮ ಸೈನಿಕರಿಗೆ ಕಲಿಸುವ ಜಾಗಗಳಲ್ಲಿ ಇದೂ ಒಂದು. ಬೇರೆ ಯಾವ ವಿದ್ಯೆಯಲ್ಲಾದರೂ ತಪ್ಪು ಮಾಡಿದವನು ತಿದ್ದಿಕೊಂಡು ಮತ್ತೆ ಮಾಡಬಹುದು. ಇದರಲ್ಲಿ ತಪ್ಪು ಮಾಡಿದವನು ಪಾಠ ಹೇಳಲು ವಾಪಸ್ ಬರುವುದಿಲ್ಲ. ಹಾಗಾದರೆ ಮೊದಲಿಗೆ ಇದನ್ನು ಕಲಿಸಿದವರು ಯಾರು?

1939ರ ನವೆಂಬರ್‌ಗೆ ಹೋಗೋಣ. ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಬ್ರಿಟನ್ನಿನ ಹಡಗುಗಳು ಒಂದರ ಹಿಂದೆ ಒಂದು ಮುಳುಗುತ್ತಿದ್ದವು. ಜರ್ಮನಿಯ ಹೊಸ ಮೈನು ಹಡಗಿಗೆ ತಾಗದೆಯೇ ಸಿಡಿಯುತ್ತಿತ್ತು. ಹೇಗೆ ಅನ್ನುವುದಕ್ಕೆ ಒಂದಾದರೂ ಮೈನು ಇಡಿಯಾಗಿ ಕೈಗೆ ಸಿಗಬೇಕಲ್ಲ! ನವೆಂಬರ್ 22ರ ರಾತ್ರಿ ವಿಮಾನದಿಂದ ಉದುರಿದ ಒಂದು ಮೈನು ಶೂಬರಿನೆಸ್ ದಂಡೆಯ ಕೆಸರಿನಲ್ಲಿ ಬಿತ್ತು. ಇಳಿತದ ಹೊತ್ತಿಗೆ ನೀರು ಸರಿದು ಅದು ಬಯಲಿಗೆ ಬಂತು.

ಮರುದಿನ ಅದನ್ನು ಬಿಚ್ಚಲು ಹೋದವರು ನೌಕಾಪಡೆಯ ಜಾನ್ ಊವ್ರಿ ಮತ್ತು ಚಾರ್ಲ್ಸ್ ಬಾಲ್ಡ್‌ವಿನ್. ಅಯಸ್ಕಾಂತದ ಅನುಮಾನ ಇದ್ದುದರಿಂದ ಕಬ್ಬಿಣ ಮುಟ್ಟಿಸುವಂತಿರಲಿಲ್ಲ, ಹಿತ್ತಾಳೆಯ ಸ್ಪ್ಯಾನರ್ ಮಾಡಿಸಿಕೊಂಡರು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ವಿಷಯ. ಊವ್ರಿ ತಾನು ಯಾವ ಕ್ರಮದಲ್ಲಿ ಏನು ಬಿಚ್ಚುತ್ತೇನೆ ಎಂದು ಮೊದಲೇ ಹೇಳಿ ಹೋದರು. ಇನ್ನಿಬ್ಬರು ದೂರದಲ್ಲಿ ನಿಂತು ನೋಡುತ್ತಿದ್ದರು. ಮೈನು ಸಿಡಿದರೆ, ಯಾವ ಹೆಜ್ಜೆಯಲ್ಲಿ ಸಿಡಿಯಿತು ಅಂತ ಮುಂದಿನವರಿಗೆ ತಿಳಿದಿರಲಿ ಎಂದು. ನನ್ನ ಲೆಕ್ಕದಲ್ಲಿ ಈ ವಿದ್ಯೆಯ ಪಠ್ಯಪುಸ್ತಕ ಶುರುವಾಗುವುದೇ ಇಲ್ಲಿ. ಮೈನು ಸಿಡಿಯಲಿಲ್ಲ, ಗುಟ್ಟು ಗೊತ್ತಾಯಿತು: ಹಡಗಿನ ಕಬ್ಬಿಣದ ಕಾಂತತ್ವವೇ ಅದನ್ನು ಎಬ್ಬಿಸುತ್ತಿತ್ತು. ಆಮೇಲೆ ಹಡಗುಗಳ ಸುತ್ತ ವಿದ್ಯುತ್ ಕೇಬಲ್ ಸುತ್ತಿ ಆ ಕಾಂತತ್ವವನ್ನು ತಗ್ಗಿಸಿದರು. ಬಾಲ್ಡ್‌ವಿನ್ ಮಾತ್ರ ಮರುವರ್ಷ ಇನ್ನೊಂದು ಮೈನು ಬಿಚ್ಚುವಾಗ ತೀರಿಕೊಂಡರು.

ಎದುರಾಳಿ ಸುಮ್ಮನಿರುತ್ತಾನೆಯೇ? ಬಿಚ್ಚುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಬಿಚ್ಚುವವನಿಗೇ ಬಲೆ ಹಾಕತೊಡಗಿದ. 1940ರ ಆಗಸ್ಟಿನಲ್ಲಿ ಪೋರ್ಟ್ಸ್‌ಮತ್‌ನ ಎಚ್.ಎಂ.ಎಸ್. ವರ್ನನ್ ಎಂಬ ನೌಕಾ ಶಾಲೆಯ ಶೆಡ್ಡಿನಲ್ಲಿ ಒಂದು ಮೈನನ್ನು ಕಳಚುತ್ತಿದ್ದಾಗ ಒಳಗೆ ಅಡಗಿಸಿದ್ದ ಸಿಡಿಮದ್ದು ಸಿಡಿದು ಐವರು ಸತ್ತರು. ಕಲಿಸುವ ಶಾಲೆಯೊಳಗೇ!

ಅದೇ ಹೊತ್ತಿಗೆ ಲಂಡನ್ನಿನ ಮೇಲೆ ಬಾಂಬಿನ ಮಳೆ. ಬಿದ್ದದ್ದೆಲ್ಲ ಸಿಡಿಯುತ್ತಿರಲಿಲ್ಲ. ಕೆಲವು ಕೆಟ್ಟಿದ್ದವು, ಕೆಲವು ಬೇಕೆಂದೇ ತಡವಾಗಿ ಸಿಡಿಯುವಂಥವು. ರಾಯಲ್ ಎಂಜಿನಿಯರ್ಸ್‌ನ ಹುಡುಗರಿಗೆ ಹಾರೆ, ಗುದ್ದಲಿ ಕೊಟ್ಟು ಅಗೆಯಲು ಕಳಿಸಿದರು. ತರಬೇತಿ ಅಂತ ಹೇಳಿಕೊಳ್ಳುವಂಥದ್ದು ಆಗ ಬಹಳ ಇರಲಿಲ್ಲ. ಅವರು ಮೊದಲು ಕಲಿತದ್ದು ಫ್ಯೂಜಿನ ತಲೆಯ ಮೇಲೆ ಕೊರೆದ ನಂಬರ್ ಓದುವುದು. 17 ಅಂದರೆ ಒಳಗೆ ಗಡಿಯಾರ, ಮೂರು ದಿನದವರೆಗೆ ಕಾಯಬಲ್ಲದು. ವೈದ್ಯರ ಸ್ಟೆತಸ್ಕೋಪಿನಂಥದನ್ನು ಬಾಂಬಿಗೆ ಇಟ್ಟು ಟಿಕ್ ಟಿಕ್ ಕೇಳುತ್ತದೆಯೇ ನೋಡಬೇಕು. ಆಮೇಲೆ ದೊಡ್ಡ ವಿದ್ಯುತ್ ಅಯಸ್ಕಾಂತ ತಂದು ಆ ಗಡಿಯಾರವನ್ನೇ ನಿಲ್ಲಿಸುವ ಉಪಾಯ ಬಂತು. 50 ಅಂದರೆ ಸ್ವಲ್ಪ ಅಲುಗಾಡಿಸಿದರೂ ಮುಗಿಯಿತು. ಎರಡೂ ಒಂದೇ ಬಾಂಬಿನಲ್ಲಿದ್ದರೆ? ನೀವೇ ಊಹಿಸಿ.

ಎಲ್ಲಕ್ಕಿಂತ ಕುತಂತ್ರದ್ದು ಫ್ಯೂಜಿನ ಕೆಳಗೆ ಅಡಗಿಸಿಟ್ಟ ಝೂಸ್ 40 ಎಂಬ ಸಾಧನ. ಫ್ಯೂಜನ್ನು ಸರಿಯಾಗಿ, ಪಾಠದಲ್ಲಿ ಹೇಳಿದಂತೆಯೇ ಎಳೆದವನು ಸಾಯುತ್ತಿದ್ದ. 1940ರ ಸೆಪ್ಟೆಂಬರ್ 2ರಂದು ವೇಲ್ಸ್‌ನ ಸ್ವಾನ್ಸೀ ಬಳಿ, ಸುತ್ತಲೂ ಎಣ್ಣೆ ಟ್ಯಾಂಕುಗಳು ಉರಿಯುತ್ತಿದ್ದ ಸಂಸ್ಕರಣಾಗಾರದಲ್ಲಿ, ಸ್ಟುವರ್ಟ್ ಆರ್ಚರ್ ಅದನ್ನು ಇಡಿಯಾಗಿ ಹೊರತೆಗೆದರು. ಜಾರ್ಜ್ ಕ್ರಾಸ್ ಪದಕ ಬಂತು. ಈ ಮನುಷ್ಯ 2015ರವರೆಗೆ, ನೂರು ವರ್ಷ ಬದುಕಿದ್ದರು ಅಂದರೆ ನಂಬುತ್ತೀರಾ?

ಇನ್ನು ನಮ್ಮವರ ಕಥೆ. 1941ರ ಜನವರಿ ಕೊನೆ, ಸುಡಾನ್-ಅಬಿಸೀನಿಯಾ ಗಡಿ. ಖಡಕಿಯ ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮಿಂದ್ರ ಸಿಂಗ್ ಭಗತ್ ಇಟಲಿಯವರ ಬೆನ್ನಟ್ಟಿದ ಸೈನ್ಯಕ್ಕೆ ರಸ್ತೆ ತೆರವು ಮಾಡಿಕೊಡಬೇಕಿತ್ತು. ಪೋಲೆಂಡಿನ ಕೊಸಾಟ್ಸ್ಕಿ ರೂಪಿಸಿದ ಮೈನ್ ಡಿಟೆಕ್ಟರ್ ಎಲ್ ಅಲಮೇನ್ ರಣರಂಗಕ್ಕೆ ಬಂದದ್ದು ಮರುವರ್ಷ. ಭಗತ್ ನಾಲ್ಕು ದಿನ, 96 ಗಂಟೆ, 55 ಮೈಲಿ ದಾರಿಯಲ್ಲಿ 15 ಮೈನುಬಯಲು ತೆರವು ಮಾಡಿಸಿದರು. ಎರಡು ಸಲ ಕೂತಿದ್ದ ವಾಹನವೇ ಸಿಡಿಯಿತು, ಕಿವಿತಮಟೆ ಹರಿಯಿತು. ಬದಲಿಗೆ ಬೇರೊಬ್ಬರನ್ನು ಕಳಿಸುತ್ತೇವೆ ಎಂದರೆ ಒಪ್ಪಲಿಲ್ಲ. ಇಷ್ಟು ಮಾಡಿದ ಮೇಲೆ ಈ ಕೆಲಸಕ್ಕೆ ತಾನೇ ಹೆಚ್ಚು ತಯಾರಾಗಿದ್ದೇನೆ ಅನ್ನುವುದು ಅವರ ವಾದ. ಹಟ ಅಂತ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಹೊಸಬ ಬಂದು ಮತ್ತೆ ಮೊದಲಿನಿಂದ ಕಲಿಯುವ ಬೆಲೆ ಏನು ಅಂತ ಅವರಿಗೆ ಗೊತ್ತಿತ್ತು. ವಿಕ್ಟೋರಿಯಾ ಕ್ರಾಸ್ ಕೊಟ್ಟರು.

ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಅನ್ನೂ ಬಿಡುವಂತಿಲ್ಲ. ಅವರ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊದಲ್ಲಿ ಜೊತೆಯವರನ್ನು ಉಳಿಸಲು ಸಿಡಿಯಲಿದ್ದ ಮೈನಿನ ಮೇಲೆ ತಾವೇ ಬಿದ್ದರು. ಜಾರ್ಜ್ ಕ್ರಾಸ್ ಮರಣೋತ್ತರವಾಗಿ ಬಂತು. ಕ್ರಮವಾಗಿ ಬಿಚ್ಚಲು ಅವರಿಗೆ ಸಮಯವೇ ಇರಲಿಲ್ಲ.

ಈಗ ದಾಪೋಡಿಯಿಂದ ಸ್ವಲ್ಪವೇ ದೂರದ ದಿಘಿಯಲ್ಲಿ ಡಿ.ಆರ್.ಡಿ.ಓ. ರೂಪಿಸಿದ 'ದಕ್ಷ್' ರೋಬೋ ಇದೆ. ಮೆಟ್ಟಿಲು ಹತ್ತುತ್ತದೆ, ಶಂಕಿತ ವಸ್ತುವನ್ನು ಎತ್ತುತ್ತದೆ, ನಡೆಸುವವನು ದೂರದಲ್ಲಿ ಕ್ಷೇಮವಾಗಿ ಕೂತಿರುತ್ತಾನೆ. ಆದರೆ ರೋಬೋ ಹೋಗಲಾಗದ ಸಂದಿಗೊಂದಿಗಳು ಇದ್ದೇ ಇರುತ್ತವೆ. ಅಲ್ಲಿಗೆ ಮಾತ್ರ ದಪ್ಪನೆಯ ರಕ್ಷಾಕವಚ ತೊಟ್ಟು ಒಬ್ಬನೇ ನಡೆದು ಹೋಗಬೇಕು. ಉಳಿದವರು ಹಿಂದೆ ನಿಲ್ಲುತ್ತಾರೆ, ಊವ್ರಿಯ ಕಾಲದಲ್ಲಿ ಆ ಇಬ್ಬರು ನಿಂತಂತೆ.