ಕರುಣೆಗೊಂದು ಕಟ್ಟಳೆ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಚರಿತ್ರೆಯನ್ನು ಹೇಳುವ ಕ್ರಮವೊಂದು ನಮ್ಮಲ್ಲಿ ಬೆಳೆದು ಬಂದಿದೆ. ಅಡಿಗಲ್ಲು ಇಟ್ಟವರು ಯಾರು, ಗಂಟೆ ಬಂದದ್ದು ಯಾವ ವರ್ಷ, ಗೋಪುರ ಎದ್ದದ್ದು ಯಾವ ಗುರುಗಳ ಕಾಲದಲ್ಲಿ ಎಂಬುದನ್ನೆಲ್ಲ ನಾವು ಭಕ್ತಿಯಿಂದ ಪಟ್ಟಿಮಾಡುತ್ತೇವೆ. ಇವೆಲ್ಲವೂ ದಾಖಲೆ ಪುಸ್ತಕಗಳಲ್ಲಿ ದೊರೆಯುತ್ತವೆ. ಆದರೆ ಈ ನೂರು ವರ್ಷಗಳಲ್ಲಿ ಬಾಣಂತಿಯ ಮನೆಗೆ ಗಂಜಿ ಕೊಂಡೊಯ್ದವರು ಯಾರು, ಹಾಸಿಗೆ ಹಿಡಿದ ಮುದುಕನ ಬಳಿ ರಾತ್ರಿ ಕುಳಿತವರು ಯಾರು, ಮಳೆಗಾಲದಲ್ಲಿ ಹಸಿದ ಮಕ್ಕಳಿದ್ದ ಗುಡಿಸಲಿನ ಬಾಗಿಲಲ್ಲಿ ಸದ್ದಿಲ್ಲದೆ ಅಕ್ಕಿಯ ಗಂಟು ಇಟ್ಟು ಬಂದವರು ಯಾರು ಎಂಬುದು ಯಾವ ಪುಸ್ತಕದಲ್ಲಿಯೂ ಬರೆಯಲ್ಪಟ್ಟಿಲ್ಲ. ಬರೆಯದೆ ಉಳಿದ ಆ ಚರಿತ್ರೆಯೇ ಧರ್ಮಕೇಂದ್ರದ ಉಸಿರು. ಆ ಉಸಿರು ಹುಟ್ಟಿದ್ದು ಹೇಗೆ, ಉಳಿದದ್ದು ಹೇಗೆ ಎಂಬುದನ್ನು ಧರ್ಮಸಭೆಯ ಚರಿತ್ರೆಯ ಒಂದು ಎಳೆಯನ್ನು ಹಿಡಿದು ಇಲ್ಲಿ ವಿಚಾರಿಸೋಣ.

ಕರುಣೆಯೆಂಬುದು ಹುಟ್ಟುಗುಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. "ಅವರದು ಬೆಣ್ಣೆಯಂಥ ಮನಸ್ಸು" ಎಂದು ಒಬ್ಬರನ್ನು ಹೊಗಳಿ, ನಮ್ಮ ಮನಸ್ಸು ಅಂಥದಲ್ಲವೆಂದು ಅಲ್ಲಿಗೇ ಸಮಾಧಾನಪಟ್ಟುಕೊಳ್ಳುತ್ತೇವೆ. ಹೀಗೆ ಹೇಳಿಕೊಂಡು ಪಾರಾಗುವುದು ಸುಲಭ. ಆದರೆ ಕರುಣೆಯ ಹೆಸರು ಹೇಳಿದೊಡನೆ ಲೋಕವೆಲ್ಲ ನೆನೆಯುವ ಸಂತ ವಿನ್ಸೆಂಟ್ ದ ಪೌಲರ ಬಾಳು ನಮಗೆ ಬೇರೆಯೇ ಪಾಠವನ್ನು ಕಲಿಸುತ್ತದೆ.

ವಿನ್ಸೆಂಟರು ಫ್ರಾನ್ಸಿನ ನೈಋತ್ಯ ಭಾಗದಲ್ಲಿರುವ ಪುಯಿ ಎಂಬ ಹಳ್ಳಿಯಲ್ಲಿ 1581ರಲ್ಲಿ, ಬೇಸಾಯಗಾರರ ಕುಟುಂಬದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ತಂದೆಯ ಹಂದಿಗಳನ್ನು ಕಾಯ್ದವರು. ಹುಡುಗ ಬುದ್ಧಿವಂತನೆಂದು ತಂದೆ ಅವರನ್ನು ದಾಕ್ಸ್ ಪಟ್ಟಣಕ್ಕೆ ಓದಲು ಕಳುಹಿಸಿದರು. ಒಂದು ದಿನ ಆ ತಂದೆ ಮಗನನ್ನು ನೋಡಲು ಶಾಲೆಗೆ ಬಂದಾಗ, ಬಂದವರು ಕುಂಟುತ್ತ ನಡೆಯುವ, ಹರಕು ಬಟ್ಟೆ ತೊಟ್ಟ ಹಳ್ಳಿಗನೆಂಬ ನಾಚಿಕೆಯಿಂದ ಮಗನು ಹೊರಗೆ ಬಂದು ಮಾತನಾಡಿಸಲಿಲ್ಲ. ಈ ಸಂಗತಿಯನ್ನು ವಿನ್ಸೆಂಟರೇ ತಮ್ಮ ಮುಪ್ಪಿನಲ್ಲಿ ಪಶ್ಚಾತ್ತಾಪದಿಂದ ಹೇಳಿಕೊಂಡಿದ್ದಾರೆ. 1600ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಗುರುಪಟ್ಟ ಪಡೆದರು. ಆ ಕಾಲದಲ್ಲಿ ಅವರ ಕಣ್ಣಿದ್ದುದು ಒಳ್ಳೆಯ ವರಮಾನದ ಸ್ಥಾನವೊಂದರ ಮೇಲೆ. ಅಂಥದೊಂದು ದೊರೆತರೆ ಊರಿಗೆ ಮರಳಿ ತಾಯಿಯ ಬಳಿ ನೆಮ್ಮದಿಯಿಂದಿರಬಹುದೆಂಬ ಆಸೆಯನ್ನು 1610ರಲ್ಲಿ ತಾಯಿಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾರೆ. ಹೆತ್ತ ತಂದೆಯನ್ನು ಕಂಡು ನಾಚಿದ ಹುಡುಗನೇ ಮುಂದೆ ದಿಕ್ಕಿಲ್ಲದವರಿಗೆಲ್ಲ ತಂದೆಯಾದನು. ಕರುಣೆ ಅವರಿಗೆ ಹುಟ್ಟಿನೊಡನೆ ಬರಲಿಲ್ಲ; ಅವರು ಅದನ್ನು ಕಲಿತರು.

ಆ ಕಲಿಕೆಯ ಮುಖ್ಯ ಪಾಠ ನಡೆದದ್ದು ಒಂದು ಸಾಮಾನ್ಯ ಧರ್ಮಕೇಂದ್ರದಲ್ಲಿ ಎಂಬುದು ನಮಗೆ ಹೆಮ್ಮೆಯ ವಿಷಯ. 1617ರಲ್ಲಿ ಅವರು ಲಿಯೋನ್ ನಗರಕ್ಕೆ ಸಮೀಪದ ಶಾತಿಯೋನ್ ಎಂಬ ಚಿಕ್ಕ ಊರಿಗೆ ವಿಚಾರಣಾ ಗುರುಗಳಾಗಿ ಬಂದರು. ಆಗಸ್ಟ್ ತಿಂಗಳ ಒಂದು ಭಾನುವಾರ ಪೂಜೆಗಾಗಿ ಉಡುಪು ಧರಿಸುತ್ತಿದ್ದಾಗ ಒಬ್ಬರು ಬಂದು, ಊರ ಹೊರಗಿನ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಒಬ್ಬರಿಗೆ ನೀರು ಕೊಡಲು ಇನ್ನೊಬ್ಬರಿಲ್ಲ ಎಂದು ತಿಳಿಸಿದರು. ಗುರುಗಳು ಪ್ರಬೋಧನೆಯಲ್ಲಿ ಆ ಮನೆಯ ಸಂಕಟವನ್ನು ಜನರ ಮುಂದಿಟ್ಟರು. ಸಂಜೆಯ ಪ್ರಾರ್ಥನೆ ಮುಗಿಸಿ ತಾವೇ ಅತ್ತ ಹೊರಟಾಗ ದಾರಿಯಲ್ಲಿ ಕಂಡ ನೋಟ ಅವರನ್ನು ಬೆರಗುಗೊಳಿಸಿತು. ಜಾತ್ರೆಗೆ ಹೊರಟವರಂತೆ ಹೆಂಗಸರು ಗುಂಪುಗುಂಪಾಗಿ ಆ ಮನೆಗೆ ಹೋಗುತ್ತಿದ್ದರು, ಹೋದವರು ಹಿಂದಿರುಗುತ್ತಿದ್ದರು, ಬಿಸಿಲಿಗೆ ದಣಿದವರು ದಾರಿಯ ಬದಿಯಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು.

ಬೇರೆ ಯಾರೇ ಆಗಿದ್ದರೂ ತಮ್ಮ ಪ್ರಬೋಧನೆಯ ಫಲ ಕಂಡು ಸಂತೋಷಪಟ್ಟು ಮನೆಗೆ ಮರಳುತ್ತಿದ್ದರು. ವಿನ್ಸೆಂಟರು ಮಾತ್ರ ಮುಂದಿನದನ್ನು ಯೋಚಿಸಿದರು. ಇಂದು ಈ ಮನೆಗೆ ತಿಂದು ಮುಗಿಸಲಾರದಷ್ಟು ಆಹಾರ ಬಂದಿದೆ. ಅದರಲ್ಲಿ ಒಂದಷ್ಟು ಕೆಡುತ್ತದೆ. ನಾಲ್ಕು ದಿನ ಕಳೆದ ಮೇಲೆ ಇದೇ ಮನೆಯವರು ಮತ್ತೆ ಹಸಿದಿರುತ್ತಾರೆ. ಈ ಜನರಲ್ಲಿ ಕರುಣೆಗೆ ಕೊರತೆಯಿಲ್ಲ, ಅದಕ್ಕೊಂದು ಕ್ರಮವಿಲ್ಲ ಎಂಬುದು ಅವರಿಗೆ ಹೊಳೆಯಿತು. ಮಳೆ ಒಂದೇ ದಿನ ಸುರಿದು ಹರಿದುಹೋದರೆ ಬೆಳೆ ಬರುವುದಿಲ್ಲ. ಕೆರೆ ಕಟ್ಟಿ ನಿಲ್ಲಿಸಬೇಕು, ಕಾಲುವೆ ತೋಡಿ ಹರಿಸಬೇಕು. ಬೇಸಾಯಗಾರನ ಮಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ವಾರ ಅವರು ಊರಿನ ಕೆಲವು ಸ್ತ್ರೀಯರನ್ನು ಕೂಡಿಸಿ, ಒಬ್ಬೊಬ್ಬರು ಒಂದೊಂದು ದಿನ ಸರದಿಯಂತೆ ರೋಗಿಗಳ ಆರೈಕೆ ಮಾಡುವ ಏರ್ಪಾಡು ಮಾಡಿದರು. ಅದಕ್ಕೊಂದು ನಿಯಮಾವಳಿ ಬರೆದರು. ಮಹಾಧರ್ಮಾಧ್ಯಕ್ಷರ ಕಚೇರಿಯ ಒಪ್ಪಿಗೆ ಪಡೆದು 1617ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಆ ಸಂಘವನ್ನು ವಿಧಿಪೂರ್ವಕವಾಗಿ ಸ್ಥಾಪಿಸಿದರು.

ಆ ನಿಯಮಾವಳಿಯನ್ನು ಓದಿದವರಿಗೆ ಅದು ಸಂಘದ ಕಾನೂನಿಗಿಂತ ಹೆಚ್ಚಾಗಿ ಮನೆಯ ಹಿರಿಯಳೊಬ್ಬಳು ಸೊಸೆಗೆ ಹೇಳುವ ಬುದ್ಧಿಮಾತಿನಂತೆ ತೋರುತ್ತದೆ. ಅಡುಗೆಯನ್ನು ತಾನೇ ಸಿದ್ಧಪಡಿಸಿ ಕೊಂಡೊಯ್ಯಬೇಕು. ಒಳಗೆ ಹೋದೊಡನೆ ರೋಗಿಯನ್ನು ನಗುಮುಖದಿಂದ ಮಾತನಾಡಿಸಬೇಕು. ಹಾಸಿಗೆಯ ಮೇಲೆ ಊಟದ ಹಲಗೆಯನ್ನಿರಿಸಿ ಬಟ್ಟೆ ಹಾಸಬೇಕು. ರೋಗಿಯ ಕೈ ತೊಳೆಸಿ, ಪ್ರಾರ್ಥನೆ ಹೇಳಿ, ಬಡಿಸಬೇಕು. ತನ್ನ ಸ್ವಂತ ಮಗುವಿಗೆ, ಅಷ್ಟೇ ಏಕೆ, ಪ್ರಭುವಿಗೇ ಉಣಿಸುತ್ತಿರುವಂತೆ ಪ್ರೀತಿಯಿಂದ ಉಣ್ಣಲು ಒತ್ತಾಯಿಸಬೇಕು. ಎಲ್ಲಕ್ಕಿಂತ ಮನಮುಟ್ಟುವ ನಿಯಮ ಇನ್ನೊಂದಿದೆ. ಹಲವು ರೋಗಿಗಳಿದ್ದಾಗ, ಜೊತೆಯಲ್ಲಿ ಯಾರಾದರೂ ಇರುವವರ ಮನೆಗೆ ಮೊದಲು ಹೋಗಬೇಕು, ಯಾರೂ ಇಲ್ಲದ ಒಂಟಿಯವರ ಮನೆಗೆ ಕಡೆಯಲ್ಲಿ ಹೋಗಬೇಕು. ಹಾಗೆ ಮಾಡಿದರೆ ಒಂಟಿಯವರ ಬಳಿ ಹೆಚ್ಚು ಹೊತ್ತು ಕೂರಬಹುದು!

ನಾಲ್ಕು ಶತಮಾನಗಳ ಹಿಂದಿನ ಈ ಒಂದು ಸಾಲಿನ ವಿವೇಕವನ್ನು ನಾವು ಮತ್ತೆ ಮತ್ತೆ ಮನನ ಮಾಡಬೇಕು. ಊಟ ಎಲ್ಲರಿಗೂ ಒಂದೇ, ಆದರೆ ಸಮಯ ಎಲ್ಲರಿಗೂ ಒಂದೇ ಆಗಬಾರದು. ಹೊಟ್ಟೆಯ ಹಸಿವಿನ ಜೊತೆಗೆ ಮನುಷ್ಯನಿಗೆ ಮಾತಿನ ಹಸಿವೂ ಉಂಟೆಂಬುದನ್ನು ಬಲ್ಲವರು ಮಾತ್ರ ಇಂಥ ನಿಯಮ ಬರೆಯಬಲ್ಲರು.

ಕಾಲಕ್ರಮದಲ್ಲಿ ಈ ಸಂಘಗಳು ಪ್ಯಾರಿಸಿಗೂ ಹಬ್ಬಿದವು. ಅಲ್ಲಿ ಸಿರಿವಂತ ಮನೆತನದ ಸ್ತ್ರೀಯರು ಉದಾರವಾಗಿ ಹಣ ಕೊಟ್ಟರು. ಆದರೆ ಗಂಜಿಯ ಪಾತ್ರೆ ಹೊತ್ತು ಓಣಿಗಳಲ್ಲಿ ನಡೆಯುವುದು ಅವರಲ್ಲಿ ಅನೇಕರಿಗೆ ಒಗ್ಗಲಿಲ್ಲ. ಕೆಲವರು ಆಳುಗಳನ್ನು ಕಳುಹಿಸತೊಡಗಿದರು. ಆಗ ದಾರಿ ತೋರಿದವಳು ಸುರೇನ್ ಎಂಬ ಹಳ್ಳಿಯ ಮಾರ್ಗರಿತ್ ನಸೋ. ಹಸು ಕಾಯುತ್ತಿದ್ದ ಈ ಹೆಣ್ಣುಮಗಳು ಅಕ್ಷರಮಾಲೆಯ ಪುಸ್ತಕವೊಂದನ್ನು ಕೊಂಡು, ದಾರಿಯಲ್ಲಿ ಓದುಬಲ್ಲವರಂತೆ ಕಂಡವರನ್ನೆಲ್ಲ ನಿಲ್ಲಿಸಿ ಅಕ್ಷರ ಕೇಳಿ ಕಲಿತವಳು. ಕಲಿತದ್ದನ್ನು ಹಳ್ಳಿಯ ಹುಡುಗಿಯರಿಗೆ ಕಲಿಸಿದವಳು. ರೋಗಿಗಳ ಸೇವೆಗೆ ಅವಳು ತಾನಾಗಿ ಮುಂದೆ ಬಂದಳು. ಪ್ಲೇಗು ತಗಲಿದ ಒಬ್ಬ ಹೆಣ್ಣಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, ಅದೇ ರೋಗದಿಂದ 1633ರಲ್ಲಿ ತೀರಿಕೊಂಡಳು. ಅದೇ ವರ್ಷದ ನವೆಂಬರ್ 29ರಂದು ವಿಧವೆಯಾಗಿದ್ದ ಲೂಯಿಸ್ ದ ಮರಿಯಾಕ್ ಅಂಥ ಕೆಲವು ಹುಡುಗಿಯರನ್ನು ತಮ್ಮ ಮನೆಯಲ್ಲಿ ಕೂಡಿಸಿದರು. 'ಕರುಣೆಯ ಪುತ್ರಿಯರು' ಎಂಬ ಸಭೆ ಹೀಗೆ ಹುಟ್ಟಿತು. ಕನ್ಯಾಸ್ತ್ರೀಯರೆಂದರೆ ಮಠದ ಗೋಡೆಯೊಳಗೇ ಇರಬೇಕೆಂಬ ಕಾಲದಲ್ಲಿ ಇವರು ಬೀದಿಗಿಳಿದು ಮನೆಮನೆಗೆ ನಡೆದರು. ಈ ಸಭೆಯ ಸಹೋದರಿಯರು ಇಂದಿಗೂ ತಮ್ಮ ವ್ರತಗಳನ್ನು ಪ್ರತಿ ವರ್ಷ ಹೊಸದಾಗಿ ಕೈಗೊಳ್ಳುತ್ತಾರೆ. ಒಮ್ಮೆ ಕರುಣಾಳುವಾದವರು ಎಂದೆಂದಿಗೂ ಹಾಗೆಯೇ ಉಳಿಯುತ್ತಾರೆಂಬ ಭರವಸೆ ಯಾರಿಗೂ ಇಲ್ಲವೆಂಬುದನ್ನು ಈ ಪದ್ಧತಿ ನಮಗೆ ನೆನಪಿಸುತ್ತದೆ.

ವಿನ್ಸೆಂಟರು 1660ರ ಸೆಪ್ಟೆಂಬರ್ 27ರಂದು ನಿಧನ ಹೊಂದಿದರು. ಅವರ ಕಟ್ಟಳೆ ಮಾತ್ರ ಉಳಿಯಿತು. ಎರಡು ಶತಮಾನಗಳ ಅನಂತರ, 1832ರಲ್ಲಿ, ಪ್ಯಾರಿಸ್ ನಗರದಲ್ಲಿ ಕಾಲರಾ ಹರಡಿ ಸಾವಿರಾರು ಜನ ಸತ್ತರು. ಆಗ ಅಲ್ಲಿ ಕಾನೂನು ಓದುತ್ತಿದ್ದ ಫ್ರೆದರಿಕ್ ಓಜಾನಾಂ ಎಂಬ ತರುಣ ಗೆಳೆಯರೊಡನೆ ಸೇರಿ ಚರ್ಚಾಕೂಟಗಳಲ್ಲಿ ಧರ್ಮಸಭೆಯ ಪರವಾಗಿ ವಾದಿಸುತ್ತಿದ್ದನು. ನಿಮ್ಮ ಧರ್ಮ ಹಿಂದೆ ಮಾಡಿದ್ದಿರಲಿ, ಇಂದು ಬಡವರಿಗಾಗಿ ನೀವು ಏನು ಮಾಡುತ್ತಿದ್ದೀರಿ ಎಂದು ಎದುರಾಳಿಗಳು ಕೇಳಿದಾಗ ಆ ತರುಣರು ನಿರುತ್ತರರಾದರು. 1833ರ ಏಪ್ರಿಲ್ 23ರಂದು, ಓಜಾನಾಂಗೆ ಇಪ್ಪತ್ತು ತುಂಬಿದ ದಿನವೇ, ಅವನೂ ಅವನ ಸಂಗಡಿಗರೂ ಎಮ್ಯಾನುಯೆಲ್ ಬೈಯಿ ಎಂಬ ಹಿರಿಯರ ಅಧ್ಯಕ್ಷತೆಯಲ್ಲಿ ಕೂಡಿ ಸಣ್ಣ ಸಂಘವೊಂದನ್ನು ಕಟ್ಟಿದರು. ಅದೇ ಇಂದು ಲೋಕದ ಅನೇಕ ದೇಶಗಳಲ್ಲಿ ಹಬ್ಬಿರುವ ಸಂತ ವಿನ್ಸೆಂಟ್ ದ ಪೌಲ್ ಸಭೆ.

ಈ ವಿದ್ಯಾರ್ಥಿಗಳಿಗೆ ಒಳ್ಳೆಯ ಮನಸ್ಸಿತ್ತು, ಬಡವರ ಮನೆ ಹೊಕ್ಕು ಅಭ್ಯಾಸವಿರಲಿಲ್ಲ. ಅವರಿಗೆ ಗುರುವಾಗಿ ದೊರೆತವರು ಮುಫ್ತಾರ್ ಬಡಾವಣೆಯಲ್ಲಿ ಸೇವೆಯಲ್ಲಿದ್ದ ಸಿಸ್ಟರ್ ರೊಸಾಲಿ ರಾಂದ್ಯು, ವಿನ್ಸೆಂಟರು ಕಟ್ಟಿದ ಅದೇ ಸಭೆಯ ಸಹೋದರಿ. ಯಾವ ಮನೆಗೆ ಹೋಗಬೇಕು, ಹೇಗೆ ಮಾತನಾಡಬೇಕು, ಕೊಡುವಾಗ ಕೊಂಡವರ ಮಾನ ಹೇಗೆ ಕಾಯಬೇಕು ಎಂಬುದನ್ನು ಆಕೆ ಕಲಿಸಿಕೊಟ್ಟರು. ಶಾತಿಯೋನಿನ ದೀಪದಿಂದ ಇನ್ನೊಂದು ದೀಪ ಹೊತ್ತಿದ ಬಗೆ ಇದು. ಓಜಾನಾಂ ಮುಂದೆ ಪ್ರಾಧ್ಯಾಪಕರಾದರು, ಗೃಹಸ್ಥರಾದರು, ಒಂದು ಹೆಣ್ಣುಮಗುವಿನ ತಂದೆಯಾದರು. ಬಡವರ ಮನೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. 1853ರಲ್ಲಿ, ನಲವತ್ತರ ಹರೆಯದಲ್ಲೇ, ತೀರಿಕೊಂಡರು. ಜಗದ್ಗುರು ಎರಡನೆಯ ಜಾನ್ ಪಾಲರು 1997ರಲ್ಲಿ ಪ್ಯಾರಿಸಿನಲ್ಲಿ ಅವರನ್ನು ಧನ್ಯರ ಸಾಲಿಗೆ ಸೇರಿಸಿದರು. ಸಿಸ್ಟರ್ ರೊಸಾಲಿಯವರಿಗೂ 2003ರಲ್ಲಿ ಆ ಗೌರವ ಸಂದಿತು.

ಆ ಸಭೆಯ ಕಾರ್ಯವಿಧಾನ ನಮ್ಮ ಕನ್ನಡ ನಾಡಿನ ಅನೇಕ ಧರ್ಮಕೇಂದ್ರಗಳ ಜನರಿಗೂ ಪರಿಚಿತವೇ. ಸದಸ್ಯರು ನಿಗದಿಯಾದ ದಿನ ಕೂಡುತ್ತಾರೆ, ಪ್ರಾರ್ಥಿಸುತ್ತಾರೆ, ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಾರೆ. ಸಭೆಯ ಕೊನೆಗೆ ಚೀಲವೊಂದು ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ತಿಳಿಯದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಪ್ರಭುವಿನ ಮಾತಿಗೆ ಅಲ್ಲಿ ಒಂದು ಬಟ್ಟೆಯ ಚೀಲವೇ ಸಾಕ್ಷಿ. ಹೋಗುವ ಮನಸ್ಸಿಲ್ಲದ ವಾರವೂ ಹೋಗಲೇಬೇಕಾದ ದಿನವೊಂದು ಇರುತ್ತದೆ. ಕರೆದೊಯ್ಯಲು ಜೊತೆಗಾರನೊಬ್ಬ ಬಾಗಿಲಲ್ಲಿ ನಿಂತಿರುತ್ತಾನೆ. ಹೀಗೆ ಹೋಗುತ್ತ ಹೋಗುತ್ತ ಮನಸ್ಸು ಮೆತ್ತಗಾಗುತ್ತದೆ.

ನಮ್ಮ ಕರಾವಳಿಯಲ್ಲಿಯೂ ಇಂಥ ಚರಿತ್ರೆಯುಂಟು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರರೂ ಒಬ್ಬರು. ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲಾರಂಭಿಸಿದಾಗ ಅದೊಂದು ಸಣ್ಣ ಔಷಧಾಲಯ. ಬಂದವರಿಗೆ ದಿನದಿನವೂ ಔಷಧಿ ಕೊಡುತ್ತಿದ್ದಂತೆ, ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳು ಕಣ್ಣಿಗೆ ಬಿದ್ದರು. 1890ರಲ್ಲಿ ಅವರಿಗೂ ಒಂದು ಆಶ್ರಯವಾಯಿತು. ಫಾದರ್ ಮುಲ್ಲರರು 1910ರಲ್ಲಿ ಕಾಲವಾದರು. ಇಂದು ಅಲ್ಲಿರುವ ದೊಡ್ಡ ಆಸ್ಪತ್ರೆಗೆ ಮೂಲ ಆ ದಿನನಿತ್ಯದ ಔಷಧಿಯ ಪೊಟ್ಟಣಗಳೇ.

ಇನ್ನು ನಮ್ಮ ಮಾತು. ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಹಸಿವಿನ ರೂಪ ಬದಲಾಗಿದೆ. ಹಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳೆದ್ದಿವೆ. ಆದರೆ ಮಕ್ಕಳು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಒಬ್ಬರೇ ಜಪಸರ ಹೇಳುವ ಅಜ್ಜಿಯರು ಎಷ್ಟು ಮಂದಿಯಿಲ್ಲ! ಅವರಿಗೆ ಅಕ್ಕಿಯ ಕೊರತೆಯಿಲ್ಲ, ಔಷಧಿಯ ಕೊರತೆಯೂ ಇಲ್ಲ. "ಹೇಗಿದ್ದೀರಿ ಬಾಯಮ್ಮ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕೂರುವವರ ಕೊರತೆಯಿದೆ. ಒಂಟಿಯವರ ಮನೆಗೆ ಕಡೆಯಲ್ಲಿ ಹೋಗಿ ಹೆಚ್ಚು ಹೊತ್ತು ಕೂರಬೇಕೆಂಬ ನಿಯಮ ಇಂದು ನಮಗಾಗಿಯೇ ಬರೆದಂತಿದೆ.

ಆದುದರಿಂದ ನಮ್ಮ ಮನಸ್ಸು ಕರಗಲಿ, ಆಮೇಲೆ ಹೋಗೋಣವೆಂದು ಕಾಯುವುದು ಬೇಡ. ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಳ್ಳೋಣ. ಒಂದು ಮನೆಯನ್ನು ಆರಿಸಿಕೊಳ್ಳೋಣ. ಜೊತೆಗೊಬ್ಬರನ್ನು, ಸಾಧ್ಯವಾದರೆ ನಮ್ಮ ಮನೆಯ ಮಗುವನ್ನೇ, ಕರೆದುಕೊಂಡು ಹೋಗೋಣ; ರೊಸಾಲಿಯಿಂದ ಓಜಾನಾಂ ಕಲಿತಂತೆ ಆ ಮಗು ನಮ್ಮಿಂದ ಕಲಿಯಲಿ. ಕೊಡುವುದು ಸ್ವಲ್ಪವಾದರೂ ಕೈ ತೊಳೆಸಿ, ಬಟ್ಟೆ ಹಾಸಿ, ಗೌರವದಿಂದ ಕೊಡೋಣ. ಈ ದೇವಾಲಯದ ಎರಡನೆಯ ಶತಮಾನದ ಚರಿತ್ರೆ ಇನ್ನೂ ಬರೆಯಬೇಕಾಗಿದೆ. ಅದರ ಮೊದಲ ಪುಟ ಬರುವ ಭಾನುವಾರ ಪೂಜೆ ಮುಗಿದ ಮೇಲೆ ನಾವು ಮನೆಗೆ ಮರಳುವ ದಾರಿಯಲ್ಲಿ, ನೆರೆಯ ಬಾಗಿಲೊಂದರ ಮುಂದೆ ಆರಂಭವಾಗಲಿ. ಕರುಣಾಮಯನಾದ ಪ್ರಭು ನಮ್ಮೆಲ್ಲರಿಗೂ ಆ ಬಾಗಿಲು ತಟ್ಟುವ ಬಲವನ್ನು ಅನುಗ್ರಹಿಸಲಿ.